ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ಜೀವವೂ

ವ್ಯಾಪಾರದಲ್ಲಿ ಅಸಲನ್ನು ಹೋಲುವ ನಕಲನ್ನು ಅಸಲೆಂದೇ ನಂಬಿಸಿ ಮಾರುವುದಕ್ಕೆ ಜೈನಾಚಾರ್ಯರು ‘ಪ್ರತಿರೂಪಕ ವ್ಯವಹಾರ’ವೆಂದು ಹೆಸರಿಟ್ಟಿದ್ದಾರೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಇದು ಕೊನೆಯದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ತೂಗುವ ಕಳ್ಳ ತೂಕದ ಮಗ್ಗುಲಲ್ಲಿಯೇ ಇದಕ್ಕೆ ಸ್ಥಾನ. ಬೇರೆ ಸೀಮೆಯ ಮೆಣಸಿನಕಾಯಿಯನ್ನು ಬ್ಯಾಡಗಿಯದೆಂದು ಕೊಡುವುದು, ಹಿತ್ತಾಳೆಗೆ ಬಂಗಾರದ ನೀರು ಕೊಟ್ಟು ಬಂಗಾರವೇ ಎನ್ನುವುದು ಎಂತಹ ದೋಷವೆಂದು ಹುಬ್ಬಳ್ಳಿ-ಧಾರವಾಡದ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತ ಯಾವ ಶ್ರಾವಕನಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ಇಂದು ಮನೆಮನೆಯ ಅಂಗೈಗೆ ಬಂದಿರುವ ನಕಲು ಮೆಣಸಿನಕಾಯಿಯದಲ್ಲ, ಬಂಗಾರದ್ದೂ ಅಲ್ಲ. ಅದು ಜೀವದ ನಕಲು. ಗಣಕಯಂತ್ರವಾಗಲಿ ಮೊಬೈಲಾಗಲಿ, ಯಂತ್ರವು ಮನುಷ್ಯನಿಗೆ ತೋರುವ ಮುಖವನ್ನು ತಂತ್ರಜ್ಞರು ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಈ ಮುಖವು ಜಡ ಉಪಕರಣದಂತೆ ಸುಮ್ಮನಿರಬಾರದು. ಪ್ರಾಣಿಯಂತೆ ಉಸಿರಾಡಬೇಕು, ಗಿಡದಂತೆ ಬೆಳೆಯಬೇಕು, ಅಲಕ್ಷಿಸಿದರೆ ಬಾಡಬೇಕು, ಬಳಸುವವನ ಅಭ್ಯಾಸಗಳನ್ನು ಅರಿತು ತಾನಾಗಿಯೇ ವಿಕಾಸ ಹೊಂದಬೇಕು ಎಂಬುದು ವಿನ್ಯಾಸಕಾರರ ಒಂದು ಪಂಥದ ಆದರ್ಶವಾಗಿದೆ. ಆಟಿಕೆಯಲ್ಲಿ ಮೊದಲಾದ ಈ ಆದರ್ಶ ಪಾಠಕ್ಕೆ, ವ್ಯಾಪಾರಕ್ಕೆ ಹಬ್ಬಿತು. ಧರ್ಮಾಚರಣೆಗೂ ಇದನ್ನು ತಂದರೆ ಎಳೆಯರು ಬಸದಿಯ ಕಡೆ ಒಲಿಯುವರೆಂಬ ವಾದವೂ ಇದರ ಬೆನ್ನಿಗಿದೆ.

ಯಾವುದು ಜೀವ, ಯಾವುದು ಅಜೀವ ಎಂಬ ವಿವೇಚನೆಯ ಮೇಲೆಯೇ ತನ್ನ ಸಮಸ್ತ ಆಚಾರವನ್ನು ಕಟ್ಟಿಕೊಂಡಿರುವ ಸಮಾಜವು ಈ ವಿಷಯದಲ್ಲಿ ಮೌನವಾಗಿರುವುದು ಸಲ್ಲದು. ಜೀವವಿಲ್ಲದ್ದಕ್ಕೆ ಜೀವದ ವೇಷ ತೊಡಿಸಿ ಮನುಷ್ಯನ ಕರುಣೆಯನ್ನು ಸೆಳೆದು, ಆ ಕರುಣೆಯಿಂದ ಅವನ ಸಮಯವನ್ನೂ ಹಣವನ್ನೂ ಎತ್ತುವುದು ಪ್ರತಿರೂಪಕ ವ್ಯವಹಾರವೇ ಸರಿ. ಜಿನಾಲಯಗಳ ಟ್ರಸ್ಟ್‌ಗಳು ಅದಕ್ಕೆ ಹೊಸ್ತಿಲು ದಾಟಗೊಡಬಾರದು.

ಕೃತಕ ಜೀವದ ವಿದ್ಯೆ

ಖಂಡನೆಗೆ ಮೊದಲು ಖಂಡಿಸಬೇಕಾದುದನ್ನು ಸರಿಯಾಗಿ ಅರಿಯಬೇಕು. 1970ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್‌ವೇ ಚೌಕಳಿ ಹಾಳೆಯ ಮೇಲೆ ಆಡುವ ಒಂದು ಗಣಿತದ ಆಟವನ್ನು ರಚಿಸಿ ಅದಕ್ಕೆ ‘ಜೀವನದ ಆಟ’ ಎಂದು ಹೆಸರಿಟ್ಟನು. ಅದರ ನಿಯಮ ಬಹು ಸರಳ. ಜೀವಂತವೆಂದು ಗುರುತಿಸಿದ ಮನೆಯ ಸುತ್ತಲಿನ ಎಂಟು ಮನೆಗಳಲ್ಲಿ ಎರಡು ಅಥವಾ ಮೂರು ಜೀವಂತವಾಗಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ; ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಇದ್ದರೆ ಅಲ್ಲಿ ಹೊಸದು ಹುಟ್ಟುತ್ತದೆ. ಇಷ್ಟೇ ನಿಯಮದಿಂದ ಹಾಳೆಯ ಮೇಲೆ ಹರಿದಾಡುವ, ಮಿಡಿಯುವ, ಮರಿ ಹಾಕುವಂತೆ ತೋರುವ ಆಕೃತಿಗಳು ಮೂಡಿದವು. 1986ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಮೂರೇ ನಿಯಮಗಳಿಂದ ಹಕ್ಕಿಗಳ ಹಿಂಡನ್ನು ಪರದೆಯ ಮೇಲೆ ಹಾರಿಸಿದನು: ಪಕ್ಕದ ಹಕ್ಕಿಗೆ ಢಿಕ್ಕಿ ಹೊಡೆಯಬಾರದು, ಅದರ ದಿಕ್ಕಿನಲ್ಲಿಯೇ ಸಾಗಬೇಕು, ಹಿಂಡಿನ ನಡುವಿಗೆ ಹತ್ತಿರವಿರಬೇಕು. ಹಿಂಡಿಗೆ ನಾಯಕನಿರಲಿಲ್ಲ; ಆದರೂ ಅದು ಉಣಕಲ್ ಕೆರೆಯ ಮೇಲೆ ಸಂಜೆ ಸುಳಿಯುವ ಹಕ್ಕಿಗಳ ಸಾಲಿನಂತೆಯೇ ಹೊರಳಿತು. 1987ರಲ್ಲಿ ಕ್ರಿಸ್ಟೋಫರ್ ಲ್ಯಾಂಗ್ಟನ್ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ವಿದ್ವಾಂಸರನ್ನು ಕೂಡಿಸಿದಾಗ ಈ ಪ್ರಯತ್ನಗಳಿಗೆಲ್ಲ ‘ಕೃತಕ ಜೀವ’ ಎಂಬ ಹೆಸರು ನೆಲೆಗೊಂಡಿತು.

ಇವರ ಜಿಜ್ಞಾಸೆಯಲ್ಲಿ ದೋಷವಿಲ್ಲ. ಸರಳ ನಿಯಮಗಳಿಂದ ಸಂಕೀರ್ಣ ನಡತೆ ಹೇಗೆ ಹುಟ್ಟುತ್ತದೆಂಬುದನ್ನು ಅರಿಯಲು ಮಾಡಿದ ಈ ಪ್ರಯೋಗಗಳು ಜ್ಞಾನಕ್ಕೆ ಪೂರಕವೇ. ಇವರಲ್ಲಿ ಕೆಲವರು ಸಂಭ್ರಮದಿಂದ, ಇದು ಜೀವದ ಚಿತ್ರವಲ್ಲ, ಜೀವವೇ ಎಂದರು. ಅವರ ಹಿಂದೆ ಬಂದ ವಿನ್ಯಾಸಕಾರರು, ಜೀವವೋ ಅಲ್ಲವೋ ಆ ಚರ್ಚೆ ಬೇಡ, ಜೀವವೆಂದು ತೋರಿದರೆ ಸಾಕು, ಜನ ಬಿಟ್ಟು ಹೋಗಲಾರರು ಎಂದರು. ಮೊದಲನೆಯದು ತತ್ತ್ವದ ತಪ್ಪು, ಎರಡನೆಯದು ನೀತಿಯ ತಪ್ಪು.

ಅದು ಜೀವವೇ?

ಜೈನ ದರ್ಶನವು ಜೀವವನ್ನು ಬಹು ವಿಶಾಲವಾಗಿ ಕಂಡಿದೆ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡಬಳ್ಳಿಗಳಲ್ಲಿಯೂ ಏಕೇಂದ್ರಿಯ ಜೀವಗಳನ್ನು ಕಂಡ ದರ್ಶನವು ಪರದೆಯ ಮೇಲೆ ಹುಟ್ಟಿ, ತಿಂದು, ಮರಿ ಮಾಡಿ, ಸಾಯುವುದನ್ನು ಮಾತ್ರ ಏಕೆ ಅಜೀವವೆನ್ನಬೇಕೆಂದು ಕಾಲೇಜಿನ ಹುಡುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಗದರಿಸಿ ಕೂರಿಸುವುದು ಅದಕ್ಕೆ ಉತ್ತರವಾಗದು.

ಉತ್ತರವಿರುವುದು ಲಕ್ಷಣದಲ್ಲಿ. ತಿನ್ನುವುದು, ಬೆಳೆಯುವುದು, ಸಂತತಿಯನ್ನು ಹೆಚ್ಚಿಸುವುದು ಜೀವದ ಲಕ್ಷಣವೆಂದು ಉಮಾಸ್ವಾಮಿಗಳು ಹೇಳಲಿಲ್ಲ. ಉಪಯೋಗವನ್ನು, ಎಂದರೆ ಜ್ಞಾನ-ದರ್ಶನಗಳ ವ್ಯಾಪಾರವನ್ನು, ಲಕ್ಷಣವೆಂದರು. ತಿನ್ನುವುದು, ಬೆಳೆಯುವುದು ದೇಹದ ಕ್ರಿಯೆಗಳು. ಅರಿಯುವುದು ಜೀವದ ಸ್ವಭಾವ. ಕಟ್ಟಕಡೆಯ ಏಕೇಂದ್ರಿಯ ಜೀವಕ್ಕೂ ನಾಲ್ಕು ಪ್ರಾಣಗಳುಂಟು: ಸ್ಪರ್ಶನೇಂದ್ರಿಯ, ಕಾಯಬಲ, ಆಯುಸ್ಸು, ಉಸಿರು. ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಅವು ಹತ್ತಾಗುತ್ತವೆ. ಪರದೆಯ ಮೇಲಿನ ಮರಿಗೆ ಇವುಗಳಲ್ಲಿ ಯಾವುದು ಉಂಟು? ಅದಕ್ಕೆ ಮುಟ್ಟಿದ್ದು ತಿಳಿಯದು. ಬೆರಳು ತಗುಲಿದ ಸ್ಥಾನದ ಲೆಕ್ಕ ಮಾತ್ರ ಯಂತ್ರಕ್ಕೆ ಸಿಗುತ್ತದೆ. ಅದು ಹಸಿಯುವುದಿಲ್ಲ, ಒಂದು ಅಂಕಿ ಇಳಿದಾಗ ಅಳುವ ಚಿತ್ರ ಬರಲಿ ಎಂದು ಯಾರೋ ಬರೆದಿಟ್ಟಿದ್ದಾರೆ. ನೋಯುವವನು ಅಲ್ಲಿ ಇಲ್ಲ. ಜೈನ ದೃಷ್ಟಿ ವಿಶಾಲವಾದುದು, ಸಡಿಲವಾದುದಲ್ಲ. ಎಲ್ಲೆಲ್ಲಿ ಜೀವವಿದೆಯೆಂದು ಅಷ್ಟು ಸೂಕ್ಷ್ಮವಾಗಿ ಲೆಕ್ಕವಿಟ್ಟ ದರ್ಶನವು, ಎಲ್ಲಿ ಇಲ್ಲವೆಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬಲ್ಲುದು. ಪರದೆಯ ಪ್ರಾಣಿಯು ಪುದ್ಗಲದ ಪರ್ಯಾಯ, ಬೆಳಕಿನ ಜೋಡಣೆ, ಜೀವವಲ್ಲ.

ಹಿಟ್ಟಿನ ಕೋಳಿಯ ಪಾಠ

ಇಲ್ಲಿಗೆ ಬಂದೊಡನೆ ವಿನ್ಯಾಸಕಾರನು ಹಿಗ್ಗಿ, ಹಾಗಾದರೆ ಹಿಂಸೆಯೇ ಇಲ್ಲವಲ್ಲ, ಆಕ್ಷೇಪವೇಕೆ ಎನ್ನುತ್ತಾನೆ. ಕನ್ನಡದ ಜೈನರಿಗೆ ಈ ವಾದ ಹೊಸದಲ್ಲ. ಇದನ್ನು ಮೊದಲು ಹೂಡಿದವಳು ಚಂದ್ರಮತಿ.

ಹೊಯ್ಸಳರ ಆಸ್ಥಾನದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಮನೆಮನೆಗೆ ತಿಳಿದುದೇ. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಒತ್ತಾಯಿಸುತ್ತಾಳೆ. ಮಗ ಯಶೋಧರನು ಒಪ್ಪುವುದಿಲ್ಲ. ಕಡೆಗೆ ಇಬ್ಬರೂ ಒಂದು ನಡುಮಾರ್ಗಕ್ಕೆ ಬರುತ್ತಾರೆ: ಹಿಟ್ಟಿನ ಕೋಳಿ. ಜೀವವಿಲ್ಲದ್ದು, ಆದರೆ ಜೀವವಿರುವಂತೆಯೇ ಕಾಣುವಂತೆ ಮಾಡಿ ಬಣ್ಣ ಹಚ್ಚಿದ್ದು. ಅದನ್ನು ಕಡಿದಾಗ ಒಳಹೊಕ್ಕ ಬೆಂತರ ಕೂಗುತ್ತದೆ. ಆ ಕೂಗು ಯಶೋಧರನ ಎದೆಯನ್ನು ಇರಿಯುತ್ತದೆ. ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ಅಲೆದು, ಒಮ್ಮೆ ಕೋಳಿಗಳಾಗಿಯೇ ಹುಟ್ಟಿ, ಆ ಸಂಕಲ್ಪದ ಸಾಲವನ್ನು ತೀರಿಸಬೇಕಾಗುತ್ತದೆ.

ಈ ಕಥೆ ಹಿಟ್ಟಿಗೆ ಜೀವವಿತ್ತೆಂದು ಹೇಳುವುದಿಲ್ಲ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆಯಬಹುದೆಂದು ಹೇಳುತ್ತದೆ. ರಾಗಾದಿ ಭಾವಗಳು ತಲೆಯೆತ್ತುವುದೇ ಹಿಂಸೆಯೆಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ್ದೂ ಇದನ್ನೇ. ಆದುದರಿಂದ ಪರದೆಯ ಮೇಲಿನ ಮರಿಯ ವಿಷಯದಲ್ಲಿ ಅದಕ್ಕೆ ನೋವಾಯಿತೇ ಎಂದು ಕೇಳಿ ಸುಮ್ಮನಾಗುವುದು ಅರ್ಧ ಪ್ರಶ್ನೆ. ಮಾಡಿದವನ ಭಾವವೇನು, ಆಡುವವನಲ್ಲಿ ಯಾವ ಭಾವ ಬೆಳೆಯಿತು ಎಂಬುದು ಉಳಿದರ್ಧ.

1996ರ ನವೆಂಬರಿನಲ್ಲಿ ಜಪಾನಿನ ಬಂಡಾಯ್ ಕಂಪನಿಯು ಟಾಮಗೋಚಿ ಎಂಬ ಮೊಟ್ಟೆಯಾಕಾರದ ಆಟಿಕೆಯನ್ನು ಪೇಟೆಗೆ ತಂದಿತು. ಅದರ ಪುಟ್ಟ ಪರದೆಯಲ್ಲಿ ಒಂದು ಮರಿ ಹುಟ್ಟುತ್ತದೆ. ಮೂರು ಗುಂಡಿಗಳನ್ನು ಒತ್ತಿ ಅದಕ್ಕೆ ಉಣಿಸಬೇಕು, ಹೊಲಸು ತೆಗೆಯಬೇಕು, ಆಡಿಸಬೇಕು. ಮರೆತರೆ ಕೂಗಿ ಕರೆಯುತ್ತದೆ, ಇನ್ನೂ ಮರೆತರೆ ಸಾಯುತ್ತದೆ. ಕೋಟಿಗಟ್ಟಲೆ ಮಾರಾಟವಾದ ಈ ಆಟಿಕೆಗಾಗಿ ಮಕ್ಕಳು ಅತ್ತರು, ಶಾಲೆಗಳು ಅದನ್ನು ತರಬಾರದೆಂದು ತಡೆದವು. 2014ರಲ್ಲಿ ಬಂದ ‘ಫಾರೆಸ್ಟ್’ ಎಂಬ ಆ್ಯಪ್‌ನಲ್ಲಿ ಮೊಬೈಲನ್ನು ಮುಟ್ಟದೆ ಇದ್ದಷ್ಟು ಹೊತ್ತು ಒಂದು ಮರ ಬೆಳೆಯುತ್ತದೆ, ನಡುವೆ ಬಿಟ್ಟೆದ್ದರೆ ಒಣಗುತ್ತದೆ. ಇದರ ಉದ್ದೇಶ ಒಳ್ಳೆಯದೇ: ಮೊಬೈಲಿನ ಚಟ ತಪ್ಪಿಸುವುದು. ಆದರೆ ಉಪಾಯವನ್ನು ನೋಡಿರಿ. ಮನುಷ್ಯನನ್ನು ತಡೆದು ನಿಲ್ಲಿಸಲು ಅವರಿಗೆ ಸಿಕ್ಕಿದ ಬಲವಾದ ಹಗ್ಗ, ಒಂದು ಜೀವ ತನ್ನಿಂದ ಸತ್ತೀತೆಂಬ ಭಯ. ಜೈನ ಮಕ್ಕಳಲ್ಲಿ ತಾಯಂದಿರು ಹುಟ್ಟಿನಿಂದ ಬೆಳೆಸುವ ಭಾವವೇ ಅದು. ಇರುವೆಯನ್ನು ತುಳಿಯಬೇಡ, ಸಂಜೆಯಾದ ಮೇಲೆ ಎಲೆ ಕೀಳಬೇಡ, ನೀರನ್ನು ಸೋಸದೆ ಕುಡಿಯಬೇಡ ಎಂದು ವರ್ಷಗಟ್ಟಲೆ ಹೇಳಿ ಬೆಳೆಸಿದ ಜೀವದಯೆಯನ್ನು ಬೇರೊಬ್ಬನು ಬಂದು, ಬೆವರು ಸುರಿಸದೆ ಕೊಯ್ದುಕೊಂಡು ಹೋಗುತ್ತಾನೆ.

ಕೊಯ್ದ ಮೇಲೆ ಬೆಳೆ ಹಾಗೆಯೇ ಉಳಿಯುವುದೂ ಇಲ್ಲ. ಹತ್ತು ಸಲ ಮರಿ ಸತ್ತು, ಗುಂಡಿಯೊತ್ತಿದರೆ ಹನ್ನೊಂದನೆಯದು ಹುಟ್ಟುವುದನ್ನು ಕಂಡ ಮಗುವಿಗೆ ಸಾವು ಹಗುರವಾಗುತ್ತದೆ, ಜೀವ ಅಗ್ಗವಾಗುತ್ತದೆ. ಇದರಲ್ಲಿ ಮಗುವಿನ ತಪ್ಪಿಲ್ಲ. ಹಿಟ್ಟಿನ ಕೋಳಿಯನ್ನು ಮಾಡಿ ಮಗುವಿನ ಕೈಗೆ ಕತ್ತಿ ಕೊಟ್ಟವರ ತಪ್ಪು.

ಸ್ಥಾಪನೆ ಬೇರೆ, ವಂಚನೆ ಬೇರೆ

ಹೋಲಿಕೆಯೆಲ್ಲವೂ ವಂಚನೆಯೇ ಎಂದರೆ ಬಸದಿಯಲ್ಲಿರುವ ಜಿನಬಿಂಬವೇನು ಎಂಬ ಮರುಪ್ರಶ್ನೆ ಏಳುತ್ತದೆ. ಅದಕ್ಕೂ ಶಾಸ್ತ್ರದಲ್ಲಿ ಉತ್ತರ ಸಿದ್ಧವಿದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆಯೆಂದರೆ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇದು ಅದೆಂದು ಇರಿಸಿಕೊಳ್ಳುವುದು. ಆಕಾರದಲ್ಲಿ ಹೋಲುವುದು ತದಾಕಾರ, ಹೋಲದಿರುವುದು ಅತದಾಕಾರ; ಚದುರಂಗದ ಕಾಯಿಯನ್ನು ಆನೆಯೆನ್ನುವುದು ಎರಡನೆಯ ಬಗೆ. ಸ್ಥಾಪನೆಯಲ್ಲಿ ದೋಷವಿಲ್ಲ, ಏಕೆಂದರೆ ಅದು ಸ್ಥಾಪನೆಯೆಂದು ಎಲ್ಲರಿಗೂ ತಿಳಿದಿರುತ್ತದೆ. ಸ್ಥಾಪನೆಯನ್ನು ಭಾವವೆಂದು, ಎಂದರೆ ಸಾಕ್ಷಾತ್ ವಸ್ತುವೆಂದು ನಂಬಿಸಿ ಲಾಭ ಪಡೆದಾಗ ದೋಷ ಬರುತ್ತದೆ.

ಜಿನಬಿಂಬವು ಯಾರನ್ನೂ ನಂಬಿಸಲು ಹೊರಟಿಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರನು 981ರಲ್ಲಿ ಹೇಗೆ ನಿಂತನೋ ಇಂದೂ ಹಾಗೆಯೇ ನಿಂತಿದ್ದಾನೆ. ಬಂದವನನ್ನು ನೋಡಿ ಅವನು ಕಣ್ಣು ಮಿಟುಕಿಸುವುದಿಲ್ಲ; ಬಾರದವನಿಗಾಗಿ ಬಾಡುವುದಿಲ್ಲ; ನಿನ್ನೆ ಏಕೆ ಬರಲಿಲ್ಲವೆಂದು ಕೇಳುವುದಿಲ್ಲ. ಹುಬ್ಬಳ್ಳಿಯ ಸಮೀಪದ ವರೂರಿನ ನವಗ್ರಹ ತೀರ್ಥದಲ್ಲಿ 61 ಅಡಿ ಎತ್ತರ ನಿಂತಿರುವ ಪಾರ್ಶ್ವನಾಥನ ಮುದ್ರೆಯೂ ಅದೇ. ಮುಂದೆ ನಿಂತವನು ತನ್ನೊಳಗೆ ತಾನೇ ಬದಲಾಗಬೇಕು. ಹೊಸ ವಿನ್ಯಾಸದಲ್ಲಿ ಇದು ತಲೆಕೆಳಗಾಗಿದೆ: ಎದುರಿನದು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ನೋಡುವವನು ಇದ್ದಲ್ಲಿಯೇ ಅಂಟಿಕೊಳ್ಳುತ್ತಾನೆ. ವೀತರಾಗದ ಮುಂದೆ ರಾಗ ಕರಗುತ್ತದೆ. ರಾಗವನ್ನು ನಟಿಸುವುದರ ಮುಂದೆ ರಾಗ ಹೆಚ್ಚುತ್ತದೆ.

ಜೀವದ ಹೋಲಿಕೆ ಸದ್ವಿನಿಯೋಗವಾಗುವ ಪ್ರಸಂಗವೂ ಉಂಟು. 2023ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಇರಿಞಾಡಪ್ಪಿಳ್ಳಿ ಶ್ರೀಕೃಷ್ಣ ದೇವಾಲಯಕ್ಕೆ ಯಂತ್ರದ ಆನೆಯೊಂದನ್ನು ಅರ್ಪಿಸಲಾಯಿತು. ಅದು ಕಿವಿಯಾಡಿಸುತ್ತದೆ, ಸೊಂಡಿಲೆತ್ತುತ್ತದೆ. ಅದು ಯಂತ್ರವೆಂಬುದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಅದರಿಂದ ಒಂದು ಪಂಚೇಂದ್ರಿಯ ಜೀವಕ್ಕೆ ಸಂಕೋಲೆ ತಪ್ಪುತ್ತದೆ. ನಕಲು ಅಸಲಿನ ಬದಲು ನೋವನ್ನು ಹೊತ್ತರೆ ಅದು ದಯೆ. ಅಸಲಿಗೆ ಸಲ್ಲಬೇಕಾದ ದಯೆಯನ್ನು ನಕಲು ತಾನು ನುಂಗಿದರೆ ಅದು ಕಳವು. ಇದೇ ಒರೆಗಲ್ಲು.

ವಿಕಾಸವೆಂದರೆ ಯಾರ ಆಯ್ಕೆ?

ಈ ಪಂಥದ ಅತ್ಯಂತ ಆಕರ್ಷಕ ಮಾತು ‘ವಿಕಾಸ’. ಪರದೆಯ ಮುಖವನ್ನು ಒಬ್ಬನು ಕುಳಿತು ರಚಿಸುವುದಿಲ್ಲ, ಅದು ಬಳಸುವವರ ನಡುವೆ ತಾನೇ ವಿಕಾಸಗೊಳ್ಳುತ್ತದೆ, ಆದುದರಿಂದ ಅದು ಜನರಿಗೆ ಬೇಕಾದುದೇ ಆಗಿರುತ್ತದೆ ಎಂದು ಹೇಳುತ್ತಾರೆ. ಲೆಕ್ಕಪತ್ರ ಬಲ್ಲವರು ಇಂತಹ ಮಾತನ್ನು ಕೇಳಿದಾಗ ಮೊದಲು ಕೇಳಬೇಕಾದುದು: ಜಮೆ ಯಾರ ಖಾತೆಗೆ?

ವಿಕಾಸಕ್ಕೆ ಎರಡು ಬೇಕು: ಬಗೆಬಗೆಯ ಸಂತಾನ ಮತ್ತು ಅವುಗಳಲ್ಲಿ ಉಳಿಯತಕ್ಕುದನ್ನು ಆರಿಸುವ ಅಳತೆಗೋಲು. ಫ್ರಾನ್ಸಿನ ಪ್ಯಾರಿಸ್ ನಗರದ ಪಾಂಪಿಡೂ ಕೇಂದ್ರದಲ್ಲಿ 1993ರಲ್ಲಿ ಕಾರ್ಲ್ ಸಿಮ್ಸ್ ಎಂಬಾತನು ಒಂದು ಪ್ರದರ್ಶನವನ್ನು ಏರ್ಪಡಿಸಿದ್ದನು. ಹದಿನಾರು ಪರದೆಗಳ ಮೇಲೆ ಹದಿನಾರು ಚಿತ್ರಗಳು. ನೋಡುಗರು ತಮಗೆ ಮೆಚ್ಚಾದ ಚಿತ್ರದ ಮುಂದೆ ನಿಂತರೆ ನೆಲದಲ್ಲಿ ಅಳವಡಿಸಿದ ಸಾಧನ ಅದನ್ನು ಗುರುತಿಸುತ್ತಿತ್ತು. ಮೆಚ್ಚಿದ ಚಿತ್ರಗಳು ಉಳಿದು, ಬೆರೆತು, ಹೊಸ ಚಿತ್ರಗಳಿಗೆ ಜನ್ಮ ಕೊಡುತ್ತಿದ್ದವು, ಉಳಿದವು ಅಳಿಯುತ್ತಿದ್ದವು. ಇಲ್ಲಿ ಚಿತ್ರದ ಆಹಾರವೆಂದರೆ ಮನುಷ್ಯನು ನಿಂತ ಹೊತ್ತು. ಅದು ಕಲಾಪ್ರದರ್ಶನ, ನೋಡುಗರಿಗೆ ನಿಯಮ ತಿಳಿದಿತ್ತು, ಆದುದರಿಂದ ನಿರಪಾಯವಾಗಿತ್ತು. ಇಂದು ಅದೇ ನಿಯಮ ಕೋಟ್ಯಂತರ ಮೊಬೈಲುಗಳಲ್ಲಿ ನೋಡುಗರಿಗೆ ತಿಳಿಸದೆ ನಡೆಯುತ್ತಿದೆ. ಒಂದೇ ಪರದೆಯ ಎರಡು ರೂಪಗಳನ್ನು ಎರಡು ಗುಂಪಿನ ಜನರಿಗೆ ತೋರಿಸಿ, ಯಾವುದರಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡರು, ಯಾವುದರಲ್ಲಿ ಹೆಚ್ಚು ಹಣ ಕೊಟ್ಟರು ಎಂದು ಅಳೆದು, ಗೆದ್ದುದನ್ನು ಉಳಿಸಿ ಸೋತುದನ್ನು ಅಳಿಸುವುದು ಈ ಉದ್ಯಮದ ನಿತ್ಯದ ಪದ್ಧತಿ.

ಇಂತಹ ಅಳತೆಗೋಲಿನಿಂದ ಎಂತಹ ಸಂತಾನ ಹುಟ್ಟುತ್ತದೆಂಬುದಕ್ಕೆ ಕೃತಕ ಜೀವದ ವಿದ್ಯೆಯೇ ಸಾಕ್ಷಿ ನುಡಿದಿದೆ. ಕಾಡಿನ ಜೀವಿಗಳನ್ನು ಅಭ್ಯಸಿಸುತ್ತಿದ್ದ ಥಾಮಸ್ ರೇ ಎಂಬ ಅಮೆರಿಕದ ವಿಜ್ಞಾನಿಯು 1990ರಲ್ಲಿ ಟಿಯೆರಾ ಎಂಬ ಕೃತಕ ಲೋಕವನ್ನು ಗಣಕಯಂತ್ರದೊಳಗೆ ನಿರ್ಮಿಸಿದನು. ಅದರಲ್ಲಿ ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ, 80 ಆಜ್ಞೆಗಳುಳ್ಳ ಒಂದು ಮೂಲಜೀವಿಯನ್ನು ಬಿಟ್ಟನು. ಯಂತ್ರದ ಸಮಯವೇ ಅಲ್ಲಿ ಆಹಾರ. ಸ್ವಲ್ಪ ಕಾಲದಲ್ಲಿಯೇ 45 ಆಜ್ಞೆಗಳ ಒಂದು ಕಿರಿಯ ಜೀವಿ ಕಾಣಿಸಿಕೊಂಡಿತು. ಅದಕ್ಕೆ ಪ್ರತಿ ಮಾಡಿಕೊಳ್ಳುವ ಸ್ವಂತ ಸಾಮರ್ಥ್ಯವಿರಲಿಲ್ಲ. ನೆರೆಯವನ ಆಜ್ಞೆಗಳನ್ನು ಬಳಸಿಕೊಂಡು ಬೆಳೆಯುತ್ತಿತ್ತು. ಅದನ್ನು ಯಾರೂ ಬರೆದಿರಲಿಲ್ಲ. ಪರರನ್ನು ತಿಂದು ಬದುಕುವ ಬಂದಳಿಕೆ ತಾನಾಗಿಯೇ ಹುಟ್ಟಿತ್ತು.

ಯಂತ್ರದ ಸಮಯ ಆಹಾರವಾದಲ್ಲಿ ಯಂತ್ರದ ಸಮಯ ಕದಿಯುವ ಬಂದಳಿಕೆ ಹುಟ್ಟಿತು. ಮನುಷ್ಯನ ಸಮಯ ಆಹಾರವಾದಲ್ಲಿ ಮನುಷ್ಯನ ಸಮಯ ಕದಿಯುವ ಬಂದಳಿಕೆ ಹುಟ್ಟದೆ ಇನ್ನೇನು ಹುಟ್ಟೀತು? ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಅದೂ ಹಸಿರಾಗಿಯೇ ಇರುತ್ತದೆ. ತೋಟದವನು ಅದನ್ನು ಮಾವಿನ ವಿಕಾಸವೆಂದು ಹೊಗಳುವುದಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು ಮನುಷ್ಯನನ್ನು ಪರದೆಯಲ್ಲಿ ಹೆಚ್ಚು ಹೊತ್ತು ಹಿಡಿಯುತ್ತವೆ. ಕ್ಷಮೆ, ಮೃದುತ್ವ, ಸರಳತೆ, ಸಂತೋಷಗಳು ಅವನನ್ನು ಎದ್ದು ಹೋಗಗೊಡುತ್ತವೆ. ಆದುದರಿಂದ ಹಿಡಿದಿಟ್ಟ ಹೊತ್ತನ್ನೇ ಅಳೆಯುವ ವಿಕಾಸವು ತಲೆಮಾರಿನಿಂದ ತಲೆಮಾರಿಗೆ ಕಷಾಯಗಳನ್ನು ಕೆರಳಿಸುವುದನ್ನೇ ಆರಿಸುತ್ತ ಹೋಗುತ್ತದೆ.

ಆಗ ವಿನ್ಯಾಸಕಾರನು, ಇದನ್ನು ನಾನು ಉದ್ದೇಶಿಸಿರಲಿಲ್ಲ, ಅದು ತಾನಾಗಿಯೇ ಹಾಗಾಯಿತು ಎಂದು ಕೈ ತೊಳೆದುಕೊಳ್ಳುತ್ತಾನೆ. ಜೈನ ಕರ್ಮಸಿದ್ಧಾಂತ ಇಷ್ಟು ಸುಲಭವಾಗಿ ಯಾರನ್ನೂ ಬಿಡುವುದಿಲ್ಲ. ಸಂರಂಭ, ಸಮಾರಂಭ, ಆರಂಭವೆಂದು ಮೂರು, ಮನಸ್ಸು, ಮಾತು, ಕಾಯವೆಂದು ಮೂರು, ಕೃತ, ಕಾರಿತ, ಅನುಮೋದಿತವೆಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಎಣಿಸುವವನಿಗೆ ಈ ಲೆಕ್ಕ ತಿಳಿದಿರಬೇಕು. ಅಳತೆಗೋಲನ್ನು ನಿಶ್ಚಯಿಸಿ ಯಂತ್ರಕ್ಕೆ ಒಪ್ಪಿಸಿದವನದು ಕಾರಿತ. ಅದನ್ನು ಮೆಚ್ಚಿ ಹಣ ಕೊಟ್ಟು ತರುವ ಟ್ರಸ್ಟಿನದು ಅನುಮೋದಿತ. ಕೈಯಾರೆ ಮಾಡಲಿಲ್ಲವೆಂಬ ಕಾರಣಕ್ಕೆ ಇಬ್ಬರ ಖಾತೆಯೂ ಖಾಲಿಯಾಗುವುದಿಲ್ಲ.

ದಯೆ ಎಲ್ಲಿಗೆ ಹೋಯಿತು?

ಜಪಾನಿನ ಸೋನಿ ಕಂಪನಿಯು 1999ರಲ್ಲಿ ಐಬೋ ಎಂಬ ಯಂತ್ರದ ನಾಯಿಯನ್ನು ಮಾರಾಟಕ್ಕೆ ತಂದಿತು. 2006ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. 2014ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಕೆಟ್ಟು ನಿಂತ ಆ ನಾಯಿಗಳಿಗಾಗಿ ಅಲ್ಲಿನ ಬೌದ್ಧ ದೇವಾಲಯವೊಂದರಲ್ಲಿ 2015ರಿಂದ ಉತ್ತರಕ್ರಿಯೆಗಳು ನಡೆದವು. ಅದನ್ನು ಕಂಡು ನಗುವುದು ಯೋಗ್ಯವಲ್ಲ. ಮನುಷ್ಯನ ದಯೆ ಎಷ್ಟು ಧಾರಾಳವಾದುದು, ಎಷ್ಟು ಸುಲಭವಾಗಿ ಹರಿಯುವಂತಹುದು ಎಂಬುದಕ್ಕೆ ಅದು ಪ್ರಮಾಣ. ಅಷ್ಟು ಸುಲಭವಾಗಿ ಹರಿಯುವ ನೀರಿಗೆ ಕಾಲುವೆ ತೋಡುವವನ ಹೊಣೆ ದೊಡ್ಡದು.

ಹೊತ್ತು ಮತ್ತು ಹಣ ಎರಡೂ ಮಿತಿಯುಳ್ಳವು. ಪರದೆಯ ಗಿಡಕ್ಕೆ ದಿನಕ್ಕೆ ಮೂರು ಸಲ ನೀರೆರೆಯುವ ಮಗು ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಹಕ್ಕಿಗೆ ಒಂದು ಬಟ್ಟಲು ನೀರಿಡಲು ಮರೆತರೆ, ಅಲ್ಲಿ ಬಾಯಾರಿದ್ದು ನಿಜವಾದ ಪಂಚೇಂದ್ರಿಯ ಜೀವ. ಪಾಂಜರಪೋಳಗಳಲ್ಲಿ ಮುದಿ ದನಗಳಿಗೆ ಮೇವು ಬೇಕು. ಬೀದಿಯಲ್ಲಿ ಗಾಯಗೊಂಡ ನಾಯಿಗೆ ಮುಲಾಮು ಬೇಕು. ಅವು ಕೂಗಿ ಕರೆಯುವ ಗಂಟೆಯನ್ನು ಯಾವ ವಿನ್ಯಾಸಕಾರನೂ ಜೋಡಿಸಿಲ್ಲ. ಇದಲ್ಲದೆ, ಪರದೆಯ ಜೀವ ಎಂದೂ ಮಲಗದಂತೆ ನೋಡಿಕೊಳ್ಳಲು ದೂರದಲ್ಲೆಲ್ಲೋ ಗಣಕಗಳ ಸಾಲು ಹಗಲಿರುಳು ಉರಿಯಬೇಕು. ಅದಕ್ಕೆ ವಿದ್ಯುತ್ತು ಬೇಕು, ತಂಪಾಗಿಸಲು ನೀರು ಬೇಕು. ಇಲ್ಲದ ಜೀವದ ಆಟಕ್ಕಾಗಿ ಇರುವ ಅಗ್ನಿಕಾಯ, ಜಲಕಾಯ ಜೀವಗಳ ಹಾನಿ. ಪ್ರಯೋಜನವಿಲ್ಲದ ಇಂತಹ ಹಾನಿಗೆ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಹೆಸರಿಟ್ಟು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ.

ಸಾಮಾಯಿಕದ ದೀಪ

ಕಡೆಯ ವಾದ ಅತ್ಯಂತ ಸಿಹಿಯಾದುದು. ಬಸದಿಗೆ ಬಾರದ ಎಳೆಯರು ಮೊಬೈಲನ್ನಂತೂ ಬಿಡುವುದಿಲ್ಲ; ಆದುದರಿಂದ ಸಾಮಾಯಿಕಕ್ಕೆ ಒಂದು ಆ್ಯಪ್ ಇರಲಿ, ಅದರಲ್ಲೊಂದು ದೀಪವೋ ಕಮಲವೋ ಇರಲಿ, ನಿತ್ಯ ಕುಳಿತರೆ ಅದು ಅರಳಲಿ, ತಪ್ಪಿದರೆ ಮುದುಡಲಿ, ಸಮಾಜದಲ್ಲಿ ಯಾರ ಕಮಲ ದೊಡ್ಡದೆಂದು ಎಲ್ಲರಿಗೂ ಕಾಣಲಿ ಎಂಬುದು ಆ ವಾದ.

ಸಾಮಾಯಿಕವೆಂದರೆ 48 ನಿಮಿಷಗಳ ಒಂದು ಮುಹೂರ್ತವನ್ನು ಸಮಭಾವದಲ್ಲಿ ಕಳೆಯುವುದು. ಲಾಭಾಲಾಭ, ಪ್ರಿಯಾಪ್ರಿಯಗಳನ್ನು ಅಷ್ಟು ಹೊತ್ತಾದರೂ ಕೆಳಗಿಡುವುದು. ಕಮಲ ಮುದುಡೀತೆಂಬ ಭಯದಿಂದ ಕುಳಿತವನಲ್ಲಿ ಸಮಭಾವ ಎಲ್ಲಿಂದ ಬಂದೀತು? ನೆರೆಮನೆಯ ಕಮಲಕ್ಕಿಂತ ತನ್ನದು ದೊಡ್ಡದಾಗಲೆಂದು ಕುಳಿತವನು ಮಾನಕಷಾಯವನ್ನು ಬಂಧಿಸಿಕೊಂಡು ಏಳುತ್ತಾನೆ. ಅಂಕಗಳಿಂದ ನಿರ್ಜರೆಯಾಗುವುದಿಲ್ಲ. ಸಾಮಾಯಿಕದ ಐದು ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನ, ಎಂದರೆ ಮರೆವು, ಒಂದು. ಅದಕ್ಕೆ ಗಂಟೆ ಹೊಡೆದು ನೆನಪಿಸುವ ಯಂತ್ರ ಸಹಾಯಕವೇ, ಅದನ್ನು ಧಾರಾಳವಾಗಿ ಬಳಸಲಿ. ಪಂಚಾಂಗ, ತಿಥಿ, ಮುನಿಸಂಘದ ವಿಹಾರದ ಸುದ್ದಿ, ಶಾಸ್ತ್ರಗ್ರಂಥಗಳ ಪಾಠ ಇವೆಲ್ಲ ಮೊಬೈಲಿಗೆ ಬಂದಿರುವುದು ಉಪಕಾರವೇ. ಆದರೆ ಅನಾದರವೆಂಬ ಇನ್ನೊಂದು ಅತಿಚಾರಕ್ಕೆ ಅಳುವ ದೀಪ ಮದ್ದಲ್ಲ. ಭಯದಿಂದಲೂ ಪೈಪೋಟಿಯಿಂದಲೂ ಬಂದ ನಿಷ್ಠೆ ಆದರವಾಗುವುದಿಲ್ಲ. ಆಟ ಬೇಸರವಾದ ದಿನ ಅದು ಸಾಮಾಯಿಕವನ್ನೂ ಜೊತೆಗೆ ಒಯ್ಯುತ್ತದೆ.

ಕಾನೂನಿನ ಆಚೆ

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಪರದೆಯ ವಂಚಕ ವಿನ್ಯಾಸಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿ, 13 ಬಗೆಗಳನ್ನು ಹೆಸರಿಸಿತು. ಇಲ್ಲದ ಅವಸರವನ್ನು ಹುಟ್ಟಿಸುವುದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವನನ್ನು ನಾಚಿಸುವುದು, ಪದೇಪದೇ ಪೀಡಿಸುವುದು ಅವುಗಳಲ್ಲಿ ಕೆಲವು. ಸರ್ಕಾರವೇ ಇಷ್ಟು ದೂರ ಬಂದಿರುವುದು ಸ್ತುತ್ಯ. ಆದರೆ ಕಾನೂನು ಕಾಯುವುದು ಗ್ರಾಹಕನ ಜೇಬನ್ನು. ಮಗುವಿನ ಜೀವದಯೆಯನ್ನು ಕಾಯುವ ಕಲಮು ಅದರಲ್ಲಿಲ್ಲ. ಅಣುವ್ರತವು ಕಾನೂನು ನಿಂತಲ್ಲಿ ನಿಲ್ಲುವಂತಹುದಲ್ಲ. ಅಲ್ಲಿಂದ ಮುಂದೆ ಅದರ ಕೆಲಸ ಆರಂಭವಾಗುತ್ತದೆ.

ಆದುದರಿಂದ ಟ್ರಸ್ಟಿನ ಮುಂದೆ ಇಂತಹ ಯೋಜನೆ ಬಂದಾಗ ದರಪಟ್ಟಿಗಿಂತ ಮೊದಲು ನಾಲ್ಕು ಮಾತುಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಜೀವವಿಲ್ಲದ ಯಾವುದಾದರೂ ಇದರಲ್ಲಿ ಹಸಿದಂತೆ, ಅತ್ತಂತೆ, ಸತ್ತಂತೆ ನಟಿಸುತ್ತದೆಯೇ? ಇದು ತಾನಾಗಿ ಬದಲಾಗುವುದಾದರೆ ಯಾವ ಅಳತೆಗೋಲಿನಿಂದ ಬದಲಾಗುತ್ತದೆ? ಭಕ್ತನು ಬಳಸುವುದನ್ನು ಬಿಟ್ಟರೆ ಸದ್ದಿಲ್ಲದೆ ಬಿಡಗೊಡುತ್ತದೆಯೇ? ಇದರಿಂದ ನಿಜವಾದ ಯಾವ ಜೀವಕ್ಕೆ ಹಿತವಾಗುತ್ತದೆ? ಈ ನಾಲ್ಕಕ್ಕೆ ನೇರ ಉತ್ತರ ಬಾರದಿದ್ದರೆ, ಎಷ್ಟೇ ಅಗ್ಗವಾದರೂ, ಧರ್ಮಾರ್ಥವಾಗಿ ಬಿಟ್ಟಿಯೇ ಕೊಟ್ಟರೂ, ಅದನ್ನು ಸ್ವೀಕರಿಸಬಾರದು.

ಇದನ್ನು ಹೇಳಬೇಕಾದುದು ಟ್ರಸ್ಟಿಗಳಿಗೆ ಮಾತ್ರವಲ್ಲ. 1947ರಲ್ಲಿ ಆರಂಭವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ, 1979ರಿಂದ ಎಸ್.ಡಿ.ಎಂ. ಕಾಲೇಜು ಇದೆ, 2015ರಲ್ಲಿ ಐ.ಐ.ಐ.ಟಿ., 2016ರಲ್ಲಿ ಐ.ಐ.ಟಿ. ಧಾರವಾಡಕ್ಕೆ ಬಂದವು. ಪರದೆಯ ಮುಖವನ್ನು ರೂಪಿಸುವ ವಿದ್ಯೆ ಇನ್ನು ದೂರದೇಶದ್ದಲ್ಲ. ಅವಳಿ ನಗರದ ಜೈನ ಮನೆಗಳ ಮಕ್ಕಳೇ ಅದನ್ನು ಕಲಿತು ಆ ಉದ್ಯೋಗಕ್ಕೆ ಹೋಗಬಲ್ಲರು. ಅಂಗಡಿಗೆ ಕೂರುವ ಮಗನಿಗೆ ತಕ್ಕಡಿಯನ್ನು ಸರಿಯಾಗಿ ಹಿಡಿಯಲು ಕಲಿಸಿದ ಸಮಾಜವು, ಪರದೆಯನ್ನು ರೂಪಿಸುವ ಮಗಳಿಗೂ ಅವಳ ತಕ್ಕಡಿ ಯಾವುದೆಂದು ತಿಳಿಸಬೇಕು. ಯಂತ್ರವನ್ನು ಯಂತ್ರವೆಂದೇ ತೋರಿಸುವ, ಕೆಲಸ ಮುಗಿದೊಡನೆ ಮನುಷ್ಯನನ್ನು ಬಿಟ್ಟುಕೊಡುವ ಸರಳ ಮುಖವನ್ನು ರಚಿಸುವುದು ಕಡಿಮೆ ಪ್ರತಿಭೆಯ ಕೆಲಸವೇನಲ್ಲ.

ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವಕ್ಕೆ ಮೀಸಲು. ಮನಸ್ಸಿನಲ್ಲಿದ್ದುದು ಮಾತಿನಲ್ಲಿ, ಮಾತಿನಲ್ಲಿದ್ದುದು ಕೃತಿಯಲ್ಲಿ ಇರುವುದೇ ಆರ್ಜವ. ಬರುವ ಪರ್ವದ ಆ ದಿನ ಪ್ರವಚನದ ತರುವಾಯ ಪ್ರತಿಯೊಂದು ಬಸದಿಯ ಟ್ರಸ್ಟ್ ಈ ವಿಷಯವನ್ನು ಸಭೆಯ ಮುಂದಿಟ್ಟು, ಎಳೆಯರನ್ನೂ ಮಾತನಾಡಗೊಟ್ಟು, ಮೇಲಿನ ನಾಲ್ಕು ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಸಬೇಕು.